ಮೋಟರ್ ಯಾಕೆ ಸುಡ್ತದ? ಒಳಗೇನು ನಡೀತದ ನೋಡೋಣ ಬರ್ರಿ

ತೊಗರಿ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತೆಂದರೆ ನಮ್ಮ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಕಡೆ ಒಂದು ಮಾತು ದಿನಾ ಕಿವಿಗೆ ಬೀಳುತ್ತದೆ: "ಮೋಟರ್ ಸುಟ್ಟದ್ರೀ." ಒಂದು ನೀರು ಕೊಟ್ಟರೆ ಬೆಳೆ ಉಳಿಯುತ್ತದೆ ಅನ್ನುವ ವಾರದಲ್ಲೇ ಎಲ್ಲರ ಬೋರ್ ಒಟ್ಟಿಗೆ ಓಡುತ್ತವೆ, ವೋಲ್ಟೇಜ್ ಬೀಳುತ್ತದೆ, ಮೋಟರ್ ಹೋಗುತ್ತದೆ. ಮೇಲೆತ್ತಲು ಒಂದು ದಿನ, ವೈಂಡಿಂಗ್ ಅಂಗಡಿಯಲ್ಲಿ ಪಾಳಿ ಕಾಯಲು ನಾಲ್ಕು ದಿನ, ಮತ್ತೆ ಇಳಿಸಲು ಒಂದು ದಿನ. ತೊಗರಿಯಾದರೂ ಹೇಗೋ ತಡೆದೀತು. ನನ್ನ ಹಾಗೆ ತರಕಾರಿ, ಪಪ್ಪಾಯಿ ಡ್ರಿಪ್ ಮೇಲೆ ಇಟ್ಟವರಿಗೆ ಏಪ್ರಿಲ್ ಬಿಸಿಲಲ್ಲಿ ಆರು ದಿನ ನೀರಿಲ್ಲ ಅಂದರೆ ಆ ಬೆಳೆಯ ಲೆಕ್ಕ ಅಲ್ಲಿಗೇ ಮುಗಿಯಿತು.

ವೈಂಡಿಂಗ್ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ, "ಎಷ್ಟು ಎಚ್‌ಪಿ?" ನಾವು ಕೇಳುವುದೂ ಒಂದೇ, "ಎಷ್ಟಾಗ್ತದ?" ಯಾಕೆ ಸುಟ್ಟಿತು ಎಂದು ಇಬ್ಬರೂ ಕೇಳುವುದಿಲ್ಲ. ಹೊಸ ತಾಮ್ರ ಸುತ್ತಿಸಿಕೊಂಡು ಬಂದು ಅದೇ ಬೋರಿಗೆ, ಅದೇ ಸ್ಟಾರ್ಟರಿಗೆ ಹಾಕುತ್ತೇವೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಅಂಗಡಿ.

ನಾನು ಓದಿದ್ದು ತೋಟಗಾರಿಕೆ, ಎಲೆಕ್ಟ್ರಿಕಲ್ ಅಲ್ಲ. ಆದರೆ ಮೋಟರ್ ಒಳಗಿನ ಕೆಲಸ ತಿಳಿಯಲು ಹೈಸ್ಕೂಲಿನ ವಿಜ್ಞಾನ ಸಾಕು. ಅದು ತಿಳಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಲೋ ವೋಲ್ಟೇಜ್, ಒಂದು ಫೇಸ್ ಹೋಗುವುದು, ಪಂಪ್ ಜಾಮ್ ಆಗುವುದು, ಇವು ಮೂರು ಬೇರೆ ರೋಗ ಅಲ್ಲ. ಮೂರರಲ್ಲೂ ನಡೆಯುವುದು ಒಂದೇ: ತಿರುಗುವ ಭಾಗ ಹಿಂದೆ ಬೀಳುತ್ತದೆ, ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ತಾಮ್ರ ಬಿಸಿಯಾಗುತ್ತದೆ. ಮತ್ತೆ ಆ ಕರೆಂಟ್ ಎಷ್ಟು ಅಂತ ನಿಮ್ಮ ಪ್ಯಾನಲ್ ಬೋರ್ಡಿನ ಆಂಪಿಯರ್ ಮೀಟರ್ ದಿನಾ ತೋರಿಸುತ್ತಲೇ ಇರುತ್ತದೆ. ನೋಡುವವರು ಬೇಕು ಅಷ್ಟೇ.

ಹೊರಗೆ ನಿಂತದ್ದು, ಒಳಗೆ ತಿರುಗುವುದು

ವೈಂಡಿಂಗ್ ಅಂಗಡಿಗೆ ಹೋದಾಗ ಬಿಚ್ಚಿಟ್ಟ ಮೋಟರ್ ಸರಿಯಾಗಿ ನೋಡ್ರಿ. ಮುಖ್ಯವಾಗಿ ಎರಡೇ ಭಾಗ. ಅಲುಗಾಡದೆ ನಿಲ್ಲುವುದು ಸ್ಟೇಟರ್. ಅದರ ಹೊಟ್ಟೆಯೊಳಗೆ ತಿರುಗುವುದು ರೋಟರ್. ಎರಡರ ನಡುವೆ ಕೂದಲೆಳೆಗಿಂತ ಸ್ವಲ್ಪ ಹೆಚ್ಚು ಅನ್ನುವಷ್ಟೇ ಸಂದು. ಒಂದಕ್ಕೊಂದು ತಾಗುವುದಿಲ್ಲ, ತಾಗಿದರೆ ಮೋಟರ್ ಕೆಟ್ಟಿತು ಅಂತಲೇ ಅರ್ಥ.

ಸ್ಟೇಟರ್ ಅಂದರೆ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಕೊಳವೆ. ಒಂದೊಂದು ಬಿಲ್ಲೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಒಂದೇ ಗಟ್ಟಿ ಕಬ್ಬಿಣ ಯಾಕೆ ಹಾಕುವುದಿಲ್ಲ ಅಂದರೆ, ಗಟ್ಟಿ ಕಬ್ಬಿಣದೊಳಗೆ ಬೇಡದ ಕರೆಂಟ್ ಸುತ್ತು ಹೊಡೆದು ಅದೇ ಕಾಯಲು ಶುರುವಾಗುತ್ತದೆ. ಬಿಲ್ಲೆಗಳ ನಡುವೆ ತೆಳು ಲೇಪನ ಇರುವುದರಿಂದ ಆ ಕರೆಂಟಿಗೆ ದಾರಿ ಸಿಗುವುದಿಲ್ಲ. ಸುಟ್ಟ ವೈಂಡಿಂಗ್ ತೆಗೆಯಲು ಕೆಲವು ಕಡೆ ಸ್ಟೇಟರನ್ನೇ ಬೆಂಕಿಗೆ ಹಿಡಿಯುತ್ತಾರೆ. ಜೋರು ಬೆಂಕಿಗೆ ಆ ಲೇಪನ ಹೋಗುತ್ತದೆ. ಅಂಥ ಮೋಟರ್ ಹೊಸ ತಾಮ್ರ ಸುತ್ತಿದರೂ ಮೊದಲಿಗಿಂತ ಹೆಚ್ಚು ಕಾಯುತ್ತದೆ. "ಬೆಂಕಿ ಹಚ್ಚಬ್ಯಾಡ್ರಿ, ತಂತಿ ಕತ್ತರಿಸಿ ತೆಗೀರಿ" ಅಂತ ಮೊದಲೇ ಹೇಳಿ ಕೊಡುವುದು ಒಳ್ಳೆಯದು.

ಬಿಲ್ಲೆಗಳ ಒಳ ಅಂಚಿನಲ್ಲಿ ಹಲ್ಲಿನಂಥ ಸೀಳುಗಳಿರುತ್ತವೆ. ಅವುಗಳಲ್ಲಿ ತಾಮ್ರದ ತಂತಿಯ ಸುರುಳಿ ಕೂರಿಸುತ್ತಾರೆ. ಅದೇ ವೈಂಡಿಂಗ್. ಬಾವಿ ಮೇಲೆ ಇಡುವ ಮೊನೊಬ್ಲಾಕ್‌ನಲ್ಲಿ ತಂತಿಗೆ ಎನಾಮಲ್ ಲೇಪನ. ನೀರು ತುಂಬಿಸುವ ಸಬ್‌ಮರ್ಸಿಬಲ್‌ನಲ್ಲಿ ಪ್ಲಾಸ್ಟಿಕ್ ಕವಚದ ತಂತಿ, ಯಾಕೆಂದರೆ ಆ ಸುರುಳಿ ಕೆಲಸ ಮಾಡುವುದೇ ನೀರೊಳಗೆ. ಈ ಕವಚಕ್ಕೆ ಎನಾಮಲ್‌ನಷ್ಟು ಬಿಸಿ ತಡೆಯುವ ಶಕ್ತಿ ಇಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರೋಟರ್ ಕೈಗೆತ್ತಿಕೊಂಡರೆ ಆಶ್ಚರ್ಯ ಆಗುತ್ತದೆ. ಅದಕ್ಕೆ ಒಂದು ವೈರ್ ಕೂಡ ಬಂದು ಸೇರುವುದಿಲ್ಲ. ಉಕ್ಕಿನ ಬಿಲ್ಲೆಗಳ ಉರುಳೆ, ಅದರ ಮೈಯೊಳಗೆ ಅಲ್ಯುಮಿನಿಯಂ ಅಥವಾ ತಾಮ್ರದ ಸರಳುಗಳು, ಎರಡೂ ತುದಿಗೆ ಸರಳುಗಳನ್ನೆಲ್ಲ ಸೇರಿಸುವ ಒಂದೊಂದು ಬಳೆ. ಉಕ್ಕು ತೆಗೆದು ಬರೀ ಸರಳು, ಬಳೆ ನೋಡಿದರೆ ಅಳಿಲಿನ ಪಂಜರದ ಹಾಗೆ ಕಾಣುತ್ತದೆ. ಪುಸ್ತಕಗಳಲ್ಲಿ ಅದಕ್ಕೇ ಸ್ಕ್ವಿರಲ್ ಕೇಜ್ ರೋಟರ್ ಅಂತ ಬರೆದಿರುತ್ತಾರೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನಡುವೆ ಶಾಫ್ಟ್. ಅದನ್ನು ಹಿಡಿಯಲು ಮೊನೊಬ್ಲಾಕ್‌ನಲ್ಲಿ ಗ್ರೀಸ್ ತುಂಬಿದ ಬಾಲ್ ಬೇರಿಂಗ್, ಸಬ್‌ಮರ್ಸಿಬಲ್‌ನಲ್ಲಿ ನೀರನ್ನೇ ಎಣ್ಣೆಯಾಗಿ ಬಳಸುವ ಬುಷ್. ತಳದಲ್ಲಿ ಥ್ರಸ್ಟ್ ಬೇರಿಂಗ್. ಪಂಪ್ ನೀರನ್ನು ಮೇಲೆ ತಳ್ಳುವಾಗ ಅಷ್ಟೇ ಜೋರಾಗಿ ಶಾಫ್ಟ್ ಕೆಳಗೆ ಒತ್ತುತ್ತದೆ, ಆ ಭಾರವೆಲ್ಲ ಹೊರುವುದು ಇದು. ತುದಿಯಲ್ಲಿ ಒಂದು ರಬ್ಬರ್ ಡಯಾಫ್ರಮ್. ಒಳಗಿನ ನೀರು ಬಿಸಿಯಾಗಿ ಹಿಗ್ಗಿದಾಗ ಅದಕ್ಕೆ ಜಾಗ ಕೊಡುತ್ತದೆ.

ವೈರ್ ಇಲ್ಲದ ರೋಟರ್ ತಿರುಗೋದು ಹ್ಯಾಂಗ?

ಲಂಡನ್ನಿನ ಮೈಕೆಲ್ ಫ್ಯಾರಡೆ 1821ರಲ್ಲಿ ಒಂದು ಸಂಗತಿ ಮಾಡಿ ತೋರಿಸಿದ: ಕರೆಂಟ್ ಹರಿಯುವ ತಂತಿಯನ್ನು ಮ್ಯಾಗ್ನೆಟ್ ಪಕ್ಕ ಇಟ್ಟರೆ ತಂತಿ ಅದರ ಸುತ್ತ ತಿರುಗುತ್ತದೆ. ಹತ್ತು ವರ್ಷ ಬಿಟ್ಟು, 1831ರಲ್ಲಿ, ಇದರ ಇನ್ನೊಂದು ಮಗ್ಗಲು ತೋರಿಸಿದ: ತಂತಿ ಸುರುಳಿಯ ಹತ್ತಿರ ಮ್ಯಾಗ್ನೆಟ್ ಆಡಿಸಿದರೆ ಆ ತಂತಿಯಲ್ಲಿ ತಾನಾಗಿ ಕರೆಂಟ್ ಹುಟ್ಟುತ್ತದೆ. ನಮ್ಮ ಬೋರ್ ಮೋಟರ್ ಈ ಎರಡನ್ನೂ ಒಟ್ಟಿಗೆ ಬಳಸುತ್ತದೆ.

ಮನೆಯಲ್ಲೇ ನೋಡಬಹುದು. ಬಕೆಟ್ ನೀರಲ್ಲಿ ಹಗುರವಾದ ಅಲ್ಯುಮಿನಿಯಂ ಮುಚ್ಚಳ ತೇಲಿ ಬಿಡ್ರಿ. ಜೋರಾದ ಮ್ಯಾಗ್ನೆಟ್ ಹಿಡಿದು ಮುಚ್ಚಳಕ್ಕೆ ತಾಗದಂತೆ ಅದರ ಮೇಲೆ ಬೇಗ ಬೇಗ ಸುತ್ತು ಹಾಕ್ರಿ. ಅಲ್ಯುಮಿನಿಯಂ ಮ್ಯಾಗ್ನೆಟ್‌ಗೆ ಅಂಟುವ ಲೋಹ ಅಲ್ಲ. ಆದರೂ ಮುಚ್ಚಳ ನಿಧಾನಕ್ಕೆ ಅದರ ಹಿಂದೆ ತಿರುಗತೊಡಗುತ್ತದೆ. ಮ್ಯಾಗ್ನೆಟ್ ಆಡಿದಾಗ ಮುಚ್ಚಳದಲ್ಲಿ ಕರೆಂಟ್ ಹುಟ್ಟುತ್ತದೆ, ಆ ಕರೆಂಟಿನಿಂದ ಮುಚ್ಚಳವೇ ಒಂದು ಸಣ್ಣ ಮ್ಯಾಗ್ನೆಟ್ ಆಗುತ್ತದೆ, ಮೇಲಿನ ಮ್ಯಾಗ್ನೆಟ್ ಅದನ್ನು ಎಳೆದುಕೊಂಡು ಹೋಗುತ್ತದೆ. ಇಂಥದ್ದೇ ಎಳೆತವನ್ನು ಫ್ರಾನ್ಸಿನ ಅರಾಗೊ 1824ರಲ್ಲಿ ತಾಮ್ರದ ತಟ್ಟೆಯಲ್ಲಿ ಕಂಡಿದ್ದ.

ಮುಚ್ಚಳದ ಜಾಗದಲ್ಲಿ ರೋಟರ್ ಇಡ್ರಿ. ಇನ್ನು ಕೈಯಿಂದ ಮ್ಯಾಗ್ನೆಟ್ ತಿರುಗಿಸುವವರು ಯಾರು? ಇಲ್ಲೇ ತ್ರೀ ಫೇಸ್ ಕೆಲಸಕ್ಕೆ ಬರುವುದು. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಏರಿ ಇಳಿಯುತ್ತದೆ. ಆರ್, ವೈ, ಬಿ ಮೂರೂ ಫೇಸ್ ಒಟ್ಟಿಗೆ ಏರುವುದಿಲ್ಲ, ಒಂದಾದ ಮೇಲೆ ಒಂದು ಸರದಿಯಲ್ಲಿ ಏರುತ್ತವೆ. ಸ್ಟೇಟರಿನ ಸುತ್ತ ಮೂರು ಫೇಸಿನ ಸುರುಳಿಗಳನ್ನೂ ಅದೇ ಸರದಿಯಲ್ಲಿ ಕೂರಿಸಿರುತ್ತಾರೆ. ಮೊದಲು ಆರ್ ಸುರುಳಿ ಜೋರು ಮ್ಯಾಗ್ನೆಟ್ ಆಗುತ್ತದೆ, ಅದು ಇಳಿಯುವಾಗ ವೈ, ಅದು ಇಳಿಯುವಾಗ ಬಿ, ಮತ್ತೆ ಆರ್. ಸುರುಳಿ ಒಂದೂ ಅಲುಗಾಡಿಲ್ಲ, ಆದರೆ ಮ್ಯಾಗ್ನೆಟ್ ಶಕ್ತಿ ಮಾತ್ರ ಸುತ್ತ ಓಡುತ್ತಿದೆ. ಹುಣ್ಣಿಮೆ ಜಾತ್ರೆಯಲ್ಲಿ ಲೈಟಿನ ಸರ ಹಾಕಿರುತ್ತಾರಲ್ಲ, ಬಲ್ಬ್ ನಿಂತಲ್ಲೇ ಇರುತ್ತದೆ, ಬೆಳಕು ಮಾತ್ರ ಓಡುತ್ತದೆ, ಹಂಗೇ ಇದು.

ಈ ಸುತ್ತುವ ಮ್ಯಾಗ್ನೆಟ್ ಕಲ್ಪನೆಯನ್ನು ಇಟಲಿಯ ಫೆರಾರಿಸ್, ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲಾ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ 1888ರಲ್ಲಿ ಲೋಕಕ್ಕೆ ಹೇಳಿದರು. ಮರುವರ್ಷ ದೊಲಿವೊ-ದೊಬ್ರೊವೊಲ್ಸ್ಕಿ ಎಂಬ ಎಂಜಿನಿಯರ್ ತ್ರೀ ಫೇಸ್ ಪಂಜರದ ಮೋಟರ್ ಮಾಡಿದ. ನಮ್ಮ ರಾಜ್ಯದಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿದದ್ದು 1902ರಲ್ಲಿ. ಅಂದರೆ ನಿಮ್ಮ ಬೋರಿನಲ್ಲಿರುವ ಯಂತ್ರದ ವಿನ್ಯಾಸ ಅದಕ್ಕಿಂತಲೂ ಹಳೆಯದು, ಮೂಲದಲ್ಲಿ ಇವತ್ತಿಗೂ ಬದಲಾಗಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ವಾಡಿ ಜಂಕ್ಷನ್ನಿನಲ್ಲಿ ನಿಂತು ಎಕ್ಸ್‌ಪ್ರೆಸ್ ಗಾಡಿಯ ಎಂಜಿನ್ ನೋಡ್ರಿ. ಡಬ್ಲ್ಯುಎಪಿ-7 ಅಂತ ಬರೆದಿದ್ದರೆ ಅದರ ಚಕ್ರಗಳಿಗೆ ಕೂತಿರುವುದು ಇಂಥದ್ದೇ ತ್ರೀ ಫೇಸ್ ಮೋಟರ್, ಒಟ್ಟು 6. ಎಲ್ಲ ಸೇರಿ 6,350 ಎಚ್‌ಪಿ, ಅಂದರೆ 5 ಎಚ್‌ಪಿಯ 1,270 ಬೋರ್ ಮೋಟರಿಗೆ ಸಮ. ಮೇಲಿನ ರೈಲ್ವೆ ತಂತಿಯಲ್ಲಿರುವುದು ಒಂದೇ ಫೇಸ್, ಎಂಜಿನ್ ಒಳಗಿನ ಇನ್ವರ್ಟರ್ ಅದನ್ನು ಮೂರು ಫೇಸ್ ಮಾಡಿಕೊಳ್ಳುತ್ತದೆ. ಕುಸುಮ್ ಯೋಜನೆಯ ಎಸಿ ಸೋಲಾರ್ ಪಂಪ್‌ನ ಕಂಟ್ರೋಲರ್ ಮಾಡುವುದೂ ಇದೇ ಕೆಲಸ.

ರೋಟರ್ ಯಾವತ್ತೂ ಹಿಂದೇ ಇರಬೇಕು

ಈಗ ಮುಖ್ಯ ವಿಷಯ. ಇದೊಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಎತ್ತಿನ ಮುಂದೆ ಕಣಕಿ ಸಿವುಡು ಹಿಡಿದು ಓಡಿದರೆ ಎತ್ತು ಹಿಂದೆ ಬರುತ್ತದೆ. ಸಿವುಡು ಬಾಯಿಗೆ ಸಿಕ್ಕಿಬಿಟ್ಟರೆ ನಿಲ್ಲುತ್ತದೆ. ರೋಟರ್ ಕಥೆಯೂ ಅದೇ. ಸುತ್ತುವ ಮ್ಯಾಗ್ನೆಟ್ ಶಕ್ತಿಯ ವೇಗವನ್ನೇ ರೋಟರ್ ಮುಟ್ಟಿಬಿಟ್ಟರೆ, ಇವೆರಡರ ನಡುವೆ ಚಲನೆಯೇ ಇಲ್ಲದಂತಾಗಿ ಸರಳುಗಳಲ್ಲಿ ಕರೆಂಟ್ ಹುಟ್ಟುವುದಿಲ್ಲ, ಎಳೆತವೂ ಇಲ್ಲ. ಹಾಗಾಗಿ ರೋಟರ್ ಸ್ವಲ್ಪ ಹಿಂದೆಯೇ ಇರುತ್ತದೆ. ನಮ್ಮ ಬೋರ್ ಮೋಟರುಗಳಲ್ಲಿ ಮ್ಯಾಗ್ನೆಟ್ ಶಕ್ತಿ ನಿಮಿಷಕ್ಕೆ 3,000 ಸುತ್ತು ಹೊಡೆಯುತ್ತದೆ. ನೇಮ್ ಪ್ಲೇಟ್ ಓದಿದರೆ ಆರ್‌ಪಿಎಂ 2,850 ಅಥವಾ ಅದರ ಆಸುಪಾಸಿನ ಅಂಕಿ ಇರುತ್ತದೆ. ಆ 150 ಸುತ್ತಿನ ವ್ಯತ್ಯಾಸಕ್ಕೆ ಸ್ಲಿಪ್ ಅನ್ನುತ್ತಾರೆ.

ಭಾರ ಹೆಚ್ಚಾದರೆ ರೋಟರ್ ಇನ್ನಷ್ಟು ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟೂ ಸರಳುಗಳಲ್ಲಿ ಹೆಚ್ಚು ಕರೆಂಟ್ ಹುಟ್ಟುತ್ತದೆ, ಅದಕ್ಕೆ ತಕ್ಕಂತೆ ಸ್ಟೇಟರ್ ಕೂಡ ಲೈನಿನಿಂದ ಹೆಚ್ಚು ಎಳೆಯುತ್ತದೆ. ಮೋಟರ್ ತನ್ನ ಕಷ್ಟವನ್ನು ಆಂಪಿಯರ್‌ನಲ್ಲೇ ಹೇಳಿಕೊಳ್ಳುವುದು. ಪೂರ್ತಿ ನಿಂತ ರೋಟರ್ ಅಂದರೆ ನೂರಕ್ಕೆ ನೂರು ಹಿಂದೆ ಬಿದ್ದ ಹಾಗೆ. ಅದಕ್ಕೇ ಸ್ಟಾರ್ಟ್ ಮಾಡಿದ ಕ್ಷಣ ಮುಳ್ಳು ಒಮ್ಮೆ ಜಿಗಿಯುತ್ತದೆ. ನೇರವಾಗಿ ಸ್ಟಾರ್ಟ್ ಆಗುವ ಮೋಟರ್ ಆ ಕ್ಷಣದಲ್ಲಿ ಮಾಮೂಲಿ ಕರೆಂಟಿನ 5ರಿಂದ 7 ಪಟ್ಟು ಎಳೆಯುತ್ತದೆ. ವೇಗ ಹಿಡಿದಂತೆ ಇಳಿಯುತ್ತದೆ, ಹಾಗಾಗಿ ತೊಂದರೆ ಇಲ್ಲ. ಆದರೆ ಮರಳು ಸಿಕ್ಕು ಪಂಪ್ ಹಿಡಿದುಕೊಂಡಿತು ಅಂದ್ರ ಅದೇ 5ರಿಂದ 7 ಪಟ್ಟು ಕರೆಂಟ್ ಇಳಿಯದೆ ನಿಂತುಬಿಡುತ್ತದೆ. ಕೆಲವೇ ನಿಮಿಷ ಸಾಕು.

ಬಿಸಿಯ ಲೆಕ್ಕ ಇನ್ನೂ ಕಟುವಾಗಿದೆ. ಕರೆಂಟ್ ಎಷ್ಟು ಪಟ್ಟು ಏರುತ್ತದೋ ಅದರ ವರ್ಗದಷ್ಟು ಬಿಸಿ ಏರುತ್ತದೆ. 10 ಆಂಪಿಯರ್ ಎಳೆಯಬೇಕಾದ ಮೋಟರ್ 12 ಎಳೆದರೆ ಬಿಸಿ ಹೆಚ್ಚಾಗುವುದು ಶೇ. 20 ಅಲ್ಲ, ಶೇ. 44. 15 ಎಳೆದರೆ ಎರಡು ಪಟ್ಟಿಗಿಂತ ಹೆಚ್ಚು. ಮತ್ತೆ ವೈಂಡಿಂಗ್ ತನ್ನ ಮಿತಿ ಮೀರಿ ಪ್ರತಿ 10 ಡಿಗ್ರಿ ಹೆಚ್ಚು ಕಾದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಂಜಿನಿಯರುಗಳ ಹಳೆಯ ಅಂದಾಜು. ಅಂದರೆ ಮೋಟರ್ ಸುಟ್ಟದ್ದು ಇವತ್ತಾದರೂ ಸುಡಲು ಶುರುವಾದದ್ದು ಎಷ್ಟೋ ತಿಂಗಳ ಹಿಂದೆ.

ಲೋ ವೋಲ್ಟೇಜ್ ಮತ್ತು ಹೋದ ಫೇಸ್

ತ್ರೀ ಫೇಸ್‌ನಲ್ಲಿ ಎರಡು ಲೈನ್ ನಡುವೆ 415 ವೋಲ್ಟ್ ಇರಬೇಕು. ಎಲ್ಲರೂ ನೀರು ಬಿಡುವ ಹೊತ್ತಿನಲ್ಲಿ ನಿಮ್ಮ ಮೀಟರ್ 340 ತೋರಿಸುತ್ತಿದೆ ಅಂದುಕೊಳ್ಳಿ. ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 340ಕ್ಕೆ ಬಂದಾಗ ಉಳಿಯುವುದು ಸುಮಾರು ಮೂರರಲ್ಲಿ ಎರಡು ಪಾಲು ಬಲ. ಆದರೆ ನೀರಿನ ಆಳ ಅಷ್ಟೇ ಇದೆ, ಎತ್ತುವ ಭಾರ ಕಡಿಮೆಯಾಗಿಲ್ಲ. ರೋಟರ್ ಹಿಂದೆ ಬೀಳುತ್ತದೆ, ಆಂಪಿಯರ್ ಏರುತ್ತದೆ. "ವೋಲ್ಟೇಜ್ ಕಡಿಮಿ ಇದ್ರ ಕರೆಂಟೂ ಕಡಿಮಿ ಎಳೀತದ" ಅನ್ನುವವರು ಬಹಳ ಜನ ಇದ್ದಾರೆ. ಬಲ್ಬಿಗೆ ಅದು ನಿಜ, ಭಾರ ಹೊತ್ತ ಮೋಟರಿಗೆ ಉಲ್ಟಾ.

ಇದಕ್ಕೆ ಆಟೊ ಸ್ಟಾರ್ಟರ್‌ಗಳೂ ಸೇರಿಕೊಳ್ಳುತ್ತವೆ. ಕರೆಂಟ್ ಬಂದ ತಕ್ಷಣ ಒಂದು ಟಿಸಿಯ ಮೇಲಿನ ಹತ್ತು ಹನ್ನೆರಡು ಮೋಟರ್ ಒಂದೇ ಕ್ಷಣಕ್ಕೆ ಎದ್ದರೆ, ಒಂದೊಂದೂ 5 ಪಟ್ಟು ಎಳೆಯುವಾಗ ಟಿಸಿ ಏನು ಮಾಡೀತು? ವೋಲ್ಟೇಜ್ ಪಾತಾಳಕ್ಕೆ, ಯಾವ ಮೋಟರೂ ವೇಗ ಹಿಡಿಯುವುದಿಲ್ಲ. ಆಟೊ ಸ್ಟಾರ್ಟರ್‌ನಲ್ಲಿ, ಈಗಿನ ಮೊಬೈಲ್ ಸ್ಟಾರ್ಟರ್‌ನಲ್ಲಿ, ತಡವಾಗಿ ಚಾಲೂ ಮಾಡುವ ಟೈಮರ್ ಇರುತ್ತದೆ. ಒಂದು ಟಿಸಿಯವರೆಲ್ಲ ಕೂತು ಮಾತಾಡಿ ಒಬ್ಬರು 30 ಸೆಕೆಂಡ್, ಇನ್ನೊಬ್ಬರು 60, ಮತ್ತೊಬ್ಬರು 90 ಅಂತ ಹಂಚಿಕೊಂಡರೆ ಸಾಕು. ಖರ್ಚು ಒಂದು ಚಹಾದ್ದು. ಇದನ್ನು ಮಾಡಿಸುವುದು ವೋಲ್ಟೇಜ್ ಬಗ್ಗೆ ಜಗಳ ಆಡುವುದಕ್ಕಿಂತ ಕಷ್ಟ ಅನ್ನುವುದೂ ನನಗೆ ಗೊತ್ತಿದೆ!

ಒಂದು ಫೇಸ್ ಹೋದರೆ ಏನಾಗುತ್ತದೆ? ಮೂರು ಸುರುಳಿಗಳ ಓಟ ಮುರಿಯುತ್ತದೆ. ಶಕ್ತಿ ಸುತ್ತುವುದರ ಬದಲು ಹಿಂದೆ ಮುಂದೆ ಬಡಿದಾಡುತ್ತದೆ. ಮೋಟರ್ ನಿಂತಿದ್ದರೆ ಏಳುವುದೇ ಇಲ್ಲ, 'ಗೂಂ' ಅಂತ ನಿಂತಲ್ಲೇ ಕಾಯುತ್ತದೆ. ಓಡುತ್ತಿದ್ದರೆ ಓಡುತ್ತಲೇ ಇರುತ್ತದೆ, ಆದರೆ ಮೂರು ಜನ ಹೊರುವ ಭಾರ ಇಬ್ಬರ ಮೇಲೆ. ಉಳಿದ ಎರಡು ಲೈನಿನಲ್ಲಿ ಕರೆಂಟ್ ಸುಮಾರು 1.7 ಪಟ್ಟು ಆಗುತ್ತದೆ. ಬಿಸಿ ಅದರ ವರ್ಗ, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ನೀರು ಬರುತ್ತಲೇ ಇರುವುದರಿಂದ ಹೊಲದಲ್ಲಿರುವವರಿಗೆ ಗೊತ್ತೂ ಆಗುವುದಿಲ್ಲ. ಸ್ಟಾರ್ಟರಿನ ಜೊತೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸುವುದು ಇದೇ ಕಾರಣಕ್ಕೆ. ಒಂದು ರಿವೈಂಡಿಂಗ್ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ.

ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಕಟ್ಟಿ ಎರಡು ಫೇಸಿನಲ್ಲಿ ಓಡಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಕಂಡೆನ್ಸರ್ ಮೂರನೇ ಫೇಸನ್ನು ನಕಲು ಮಾಡುತ್ತದೆ, ಆದರೆ ಪೂರ್ತಿ ಸಮನಾಗಿ ಅಲ್ಲ. ಒಂದು ಸುರುಳಿ ಕಡಿಮೆ, ಇನ್ನೊಂದು ಹೆಚ್ಚು ಎಳೆಯುತ್ತದೆ. ಆ ಹೆಚ್ಚು ಎಳೆಯುವ ಸುರುಳಿ ಮೊದಲು ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಬೇಡವೇ ಬೇಡ.

ಲೈನ್ ರಿಪೇರಿ ಆದ ಮೇಲೆ ಅಥವಾ ಟಿಸಿ ಬದಲಾದ ಮೇಲೆ ಬೋರ್ ಓಡುತ್ತಿದ್ದರೂ ನೀರು ಬಹಳ ಕಡಿಮೆ ಬಂದರೆ, ಮೊದಲು ಫೇಸ್ ಸರದಿ ನೋಡಿಸಿ. ಆರ್, ವೈ, ಬಿ ಸರದಿ ತಿರುಗಿದರೆ ಮೋಟರ್ ಉಲ್ಟಾ ಸುತ್ತುತ್ತದೆ. ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿದರೆ ನೆಟ್ಟಗಾಗುತ್ತದೆ. "ಬೋರ್‌ನ್ಯಾಗ ನೀರು ಕಡಿಮಿ ಆಗ್ಯಾದ" ಅಂತ ಮೋಟರ್ ಎತ್ತಿಸುವ ಮೊದಲು ಇದೊಂದು ಪರೀಕ್ಷೆ ಮಾಡ್ರಿ.

ನಮ್ಮ ಸುಣ್ಣದ ನೀರು

ಸಬ್‌ಮರ್ಸಿಬಲ್ ಮೋಟರಿಗೆ ಫ್ಯಾನ್ ಇಲ್ಲ. ಅದರ ಮೈ ಸವರಿಕೊಂಡು ಹೋಗುವ ನೀರೇ ತಂಪು ಮಾಡಬೇಕು. ನಮ್ಮ ಭಾಗದಲ್ಲಿ ಇದಕ್ಕೆ ಎರಡು ತೊಡಕು.

ಶಹಾಬಾದ್ ಪರ್ಸಿ ಊರೂರಿಗೆ ಹೋಗುತ್ತದೆ, ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಎಲ್ಲದಕ್ಕೂ ಕಾರಣ ನಮ್ಮ ನೆಲದಡಿಯ ಸುಣ್ಣದ ಕಲ್ಲು. ಅದೇ ಕಲ್ಲಿನ ಸಂದಿಯಿಂದ ಬರುವ ಬೋರ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವುದು ಎಲ್ಲರ ಮನೆಯಲ್ಲೂ ನೋಡಿದ್ದೇವೆ. ಬಿಸಿಯಾದ ಜಾಗದಲ್ಲೇ ಸುಣ್ಣ ಕೂರುವುದು. ಬಿಸಿಯಾದ ಮೋಟರಿನ ಮೈ ಮೇಲೂ ಕೂರುತ್ತದೆ. ಆ ಪದರ ಮೋಟರಿಗೆ ಕಂಬಳಿ ಹೊದಿಸಿದ ಹಾಗೆ: ಬಿಸಿ ಹೊರಗೆ ಹೋಗುವುದಿಲ್ಲ, ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಸುಣ್ಣ ಕೂರುತ್ತದೆ. ಒಳಗಿನ ತಂತಿಯ ಪ್ಲಾಸ್ಟಿಕ್ ಕವಚ ಹೆಚ್ಚು ಬಿಸಿ ತಡೆಯುವುದಿಲ್ಲ ಅಂತ ಮೊದಲೇ ಹೇಳಿದೆನಲ್ಲ. ಯಾವ ಕಾರಣಕ್ಕೆ ಮೋಟರ್ ಮೇಲೆ ಬಂದರೂ ತಂತಿ ಬ್ರಷ್ ಹಾಕಿ ಮೈ ತಿಕ್ಕಿ, ಪಂಪಿನ ಜಾಲರಿ ಸ್ವಚ್ಛ ಮಾಡಿಯೇ ಇಳಿಸಬೇಕು.

ಎರಡನೆಯದು ನೀರು ಬರುವ ದಿಕ್ಕು. ಸಬ್‌ಮರ್ಸಿಬಲ್‌ನಲ್ಲಿ ಪಂಪ್ ಮೇಲೆ, ಮೋಟರ್ ಕೆಳಗೆ, ಎರಡರ ನಡುವೆ ನೀರು ಎಳೆಯುವ ಜಾಲರಿ. ನೀರಿನ ಸೆಲೆ ಮೋಟರಿಗಿಂತ ಕೆಳಗಿದ್ದರೆ ನೀರು ಮೋಟರ್ ಮೈ ಸವರಿ ಮೇಲೆ ಬರುತ್ತದೆ. ಸುಣ್ಣಕಲ್ಲಿನ ಬೋರ್‌ಗಳಲ್ಲಿ ಎಷ್ಟೋ ಸಲ ನೀರು ಒಂದೇ ಸಂದಿಯಿಂದ ಬರುತ್ತದೆ. ಆ ಸಂದಿಗಿಂತ ಆಳಕ್ಕೆ ಮೋಟರ್ ಇಳಿಸಿದರೆ ನೀರು ಮೇಲಿಂದಲೇ ಜಾಲರಿಗೆ ಹೋಗಿಬಿಡುತ್ತದೆ, ಮೋಟರ್ ಸುತ್ತಲಿನ ನೀರು ನಿಂತಲ್ಲೇ ನಿಂತು ಕಾಯುತ್ತದೆ. ಬೋರ್ ಕೊರೆಸುವಾಗ ಎಷ್ಟು ಅಡಿಗೆ ನೀರು ಬಿತ್ತು ಅಂತ ಬರೆದಿಟ್ಟುಕೊಂಡವರಿಗೆ ಇದು ತಿಳಿಯುತ್ತದೆ. ಕೇಸಿಂಗ್ ಅಗಲ ಸಾಕಷ್ಟಿದ್ದರೆ ಮೋಟರ್ ಸುತ್ತ ಒಂದು ಪೈಪಿನ ಕವಚ ಹಾಕಿಸಿ, ನೀರು ಕೆಳಗಿನಿಂದ ಸುತ್ತಿ ಬರುವಂತೆ ಮಾಡಬಹುದು.

ಇನ್ನೊಂದು ಎಚ್ಚರಿಕೆ, ಇದು ಇಲ್ಲಿಯವರೆಗಿನ ಮಾತಿಗೆ ವಿರುದ್ಧ ಅನ್ನಿಸಬಹುದು. ಬೋರ್ ಖಾಲಿಯಾಗಿ ಪಂಪ್ ಒಣಗಿದಾಗ ಆಂಪಿಯರ್ ಏರುವುದಿಲ್ಲ, ಇಳಿಯುತ್ತದೆ. ಎತ್ತಲು ಭಾರವೇ ಇಲ್ಲವಲ್ಲ. ಆದರೆ ತಂಪು ಮಾಡುವ ನೀರೂ ಇಲ್ಲ, ಪಂಪಿನ ಬುಷ್‌ಗಳಿಗೆ ಜಾರುವ ನೀರೂ ಇಲ್ಲ. ಹಾಗಾಗಿ ಮಾಮೂಲಿಗಿಂತ ಹೆಚ್ಚಾದರೂ ನಿಲ್ಲಿಸ್ರಿ, ಬಹಳ ಕಡಿಮೆಯಾದರೂ ನಿಲ್ಲಿಸ್ರಿ.

ಸ್ಟಾರ್ಟರ್ ಡಬ್ಬಿ

ಸ್ಟಾರ್ಟರಿನಲ್ಲಿ ಮೂರು ಕೆಲಸದವರು. ಮೂರೂ ಫೇಸನ್ನು ಒಟ್ಟಿಗೆ ಜೋಡಿಸುವ, ಬಿಡಿಸುವ ಕಾಂಟ್ಯಾಕ್ಟರ್. ಅದನ್ನು ಹಿಡಿದಿಡುವ ಕಾಯಿಲ್, ಕರೆಂಟ್ ಹೋದರೆ ಅದು ಕೈಬಿಡುತ್ತದೆ. ಮೂರನೆಯದು ಓವರ್‌ಲೋಡ್ ರಿಲೇ. ರಿಲೇಯೊಳಗೆ ಎರಡು ಲೋಹ ಅಂಟಿಸಿದ ಪಟ್ಟಿ ಇರುತ್ತದೆ, ಹೆಚ್ಚು ಕರೆಂಟ್ ಹರಿದರೆ ಕಾದು ಬಾಗಿ ಮೋಟರ್ ನಿಲ್ಲಿಸುತ್ತದೆ. ಅಂದರೆ ವೈಂಡಿಂಗ್ ಕಾಯುವ ಹಾಗೆಯೇ ಇದೂ ಕಾಯುತ್ತದೆ, ಮೊದಲೇ ಎಚ್ಚರಿಸುತ್ತದೆ.

ಇದರ ಮೇಲೆ ತಿರುಗಿಸುವ ಒಂದು ಸಣ್ಣ ಸೆಟ್ಟಿಂಗ್ ಇರುತ್ತದೆ. ಅದು ಮೋಟರಿನ ನೇಮ್ ಪ್ಲೇಟ್ ಮೇಲಿರುವ ಆಂಪಿಯರ್‌ಗೆ ಇರಬೇಕು. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಅದನ್ನು ಏರಿಸುವವರು, ಬಟನ್ನಿಗೆ ಕಡ್ಡಿ ಸಿಗಿಸುವವರು ನಮ್ಮಲ್ಲಿ ಕಡಿಮೆ ಇಲ್ಲ. ಟ್ರಿಪ್ ಆಗುವುದು ರಿಲೇಯ ರೋಗ ಅಲ್ಲ. ನಾಯಿ ಬೊಗಳುತ್ತದೆ ಅಂತ ನಾಯಿಯ ಬಾಯಿ ಕಟ್ಟಿದರೆ ಕಳ್ಳ ಹೋಗುತ್ತಾನಾ?

10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಉಚಿತ. ಬಿಲ್ ಬರುವುದಿಲ್ಲವಾದ್ದರಿಂದ ಆಂಪಿಯರ್ ಮೀಟರ್ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಎಷ್ಟೋ ಬೋರ್ಡುಗಳಲ್ಲಿ ಮುಳ್ಳು ಮುರಿದು ವರ್ಷಗಳಾಗಿವೆ. ಕ್ಲ್ಯಾಂಪ್ ಮೀಟರ್ ಅಂತ ಒಂದು ಸಿಗುತ್ತದೆ, ವೈರ್ ಕತ್ತರಿಸದೆ ಅದರ ಸುತ್ತ ಹಿಡಿದರೆ ಆಂಪಿಯರ್ ತೋರಿಸುತ್ತದೆ. ನಾಲ್ಕು ಜನ ಸೇರಿ ಒಂದು ತಂದರೂ ಸಾಕು. ಮೂರೂ ವೈರ್ ಒಂದೊಂದಾಗಿ ನೋಡಬೇಕು. ಮೂರರಲ್ಲೂ ಹತ್ತಿರ ಹತ್ತಿರ ಒಂದೇ ಅಂಕಿ ಬರಬೇಕು. ಒಂದರಲ್ಲಿ ಬಹಳ ಹೆಚ್ಚು ಬಂದರೆ ಲೈನಿನಲ್ಲೋ, ಜಾಯಿಂಟಿನಲ್ಲೋ, ವೈಂಡಿಂಗಿನಲ್ಲೋ ಏನೋ ಶುರುವಾಗಿದೆ ಅಂತ ಅರ್ಥ. ವೋಲ್ಟೇಜಿನಲ್ಲಿ ಸಣ್ಣ ಏರುಪೇರಿದ್ದರೂ ಆಂಪಿಯರ್‌ನಲ್ಲಿ ಅದು ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಒಂದು ಮಾತು ಗಟ್ಟಿಯಾಗಿ: ಡಬ್ಬಿ ತೆರೆಯುವ ಮೊದಲು ಮೇನ್ ಆಫ್. ಒದ್ದೆ ಕಾಲಲ್ಲಿ ನಿಂತು ಬೋರ್ಡ್ ಮುಟ್ಟಬ್ಯಾಡ್ರಿ. ಮೋಟರಿಗೂ ಬೋರ್ಡಿಗೂ ಅರ್ಥಿಂಗ್ ಇರಲೇಬೇಕು. ಟಿಸಿ ಹತ್ತುವುದು, ಟಿಸಿಯ ಫ್ಯೂಸ್ ಹಾಕುವುದು ಲೈನ್‌ಮನ್ ಕೆಲಸ, ನಮ್ಮದಲ್ಲ. ಒಂದು ನೀರು ತಪ್ಪಿದರೆ ಬೆಳೆ ಹೋದೀತು, ಅದಕ್ಕಾಗಿ ಮನೆಯ ಮಗನೇ ಹೋಗಬಾರದು.

ಸುಟ್ಟ ಮೋಟರ್ ಏನು ಹೇಳ್ತದ

ಇಷ್ಟಾದರೂ ಮೋಟರ್ ಸುಟ್ಟಿತು ಅಂದುಕೊಳ್ಳಿ. ಅಂಗಡಿಯವರು ಬಿಚ್ಚುವಾಗ ಎದುರಿಗೆ ನಿಲ್ಲಿ, ತಾಮ್ರ ಕಿತ್ತು ಹಾಕುವ ಮೊದಲು ಮೊಬೈಲಿನಲ್ಲಿ ವೈಂಡಿಂಗ್ ತಲೆಯ ಫೋಟೊ ತೆಗೀರಿ. ಎರಡೂ ತುದಿಯದು. ಆ ಫೋಟೊದಲ್ಲಿ ಕಾರಣ ಬರೆದಿರುತ್ತದೆ.

ಮೂರೂ ಫೇಸಿನ ಸುರುಳಿ ಒಂದೇ ಸಮ ಕಪ್ಪಾಗಿದ್ದರೆ ಲೋ ವೋಲ್ಟೇಜ್, ಜಾಮ್, ಇಲ್ಲವೇ ತಂಪು ಸಿಗದೆ ಸುಟ್ಟಿದೆ. ಕೆಲವು ಸುರುಳಿ ಕಪ್ಪು, ಕೆಲವು ಹೊಸದರಂತೆ ಕೆಂಪಗೆ ಇದ್ದು, ಅದು ಒಂದು ಬಿಟ್ಟು ಒಂದು ಕ್ರಮವಾಗಿ ಕಾಣುತ್ತಿದ್ದರೆ ಫೇಸ್ ಹೋಗಿ ಸುಟ್ಟಿದೆ. ಒಳಗೆ ಸ್ಟಾರ್ ಜೋಡಣೆ ಇದ್ದರೆ ಎರಡು ಫೇಸ್ ಕಪ್ಪಾಗಿ ಒಂದು ಉಳಿಯುತ್ತದೆ, ಡೆಲ್ಟಾ ಇದ್ದರೆ ಒಂದು ಕಪ್ಪಾಗಿ ಎರಡು ಉಳಿಯುತ್ತವೆ. ಒಂದೇ ಜಾಗದಲ್ಲಿ ಸಣ್ಣ ಚುಕ್ಕೆಯಂತೆ ಸುಟ್ಟು ಉಳಿದದ್ದೆಲ್ಲ ಚೆನ್ನಾಗಿದ್ದರೆ ಅಲ್ಲಿ ತಂತಿಯ ಕವಚ ಹರಿದಿದೆ: ಸುತ್ತುವಾಗ ಗೀಚಿರಬಹುದು, ಸಿಡಿಲಿನ ಹೊಡೆತ ಇರಬಹುದು. ರೋಟರ್ ಮೈ ಮೇಲೆ ಉಜ್ಜಿದ ಗೆರೆ ಇದ್ದರೆ ಬುಷ್ ಸವೆದಿದೆ, ಬರೀ ತಾಮ್ರ ಬದಲಿಸಿದರೆ ಮತ್ತೆ ಬರುತ್ತದೆ. ಫೇಸ್ ಹೋಗಿ ಸುಟ್ಟದ್ದಾದರೆ ಪ್ರಿವೆಂಟರ್ ಮತ್ತು ಲೈನಿನ ಜಾಯಿಂಟ್ ನೋಡಬೇಕು, ಎಲ್ಲ ಕಪ್ಪಾಗಿದ್ದರೆ ರಿಲೇ ಸೆಟ್ಟಿಂಗ್ ಮತ್ತು ಮೋಟರ್ ಇಳಿಸಿದ ಆಳ ನೋಡಬೇಕು.

ಹೊಸ ವೈಂಡಿಂಗ್ ಆಗಿ ಬಂದಾಗ ನೇಮ್ ಪ್ಲೇಟ್ ಫೋಟೊ ತೆಗೆದಿಟ್ಟುಕೊಳ್ಳಿ. ಬೋರಿನಲ್ಲಿ ಇಳಿದ ಮೇಲೆ ಅದನ್ನು ಓದಲು ಆಗುವುದಿಲ್ಲ. ನೀರು ತುಂಬುವ ಮೋಟರಾದರೆ ಇಳಿಸುವ ಮೊದಲು ಒಳಗೆ ಸ್ವಚ್ಛ ನೀರು ಪೂರ್ತಿ ತುಂಬಿ, ಗುಳ್ಳೆ ಬರುವುದು ನಿಲ್ಲುವವರೆಗೆ ಸ್ವಲ್ಪ ಅಲ್ಲಾಡಿಸಿ, ಆಮೇಲೆ ಮುಚ್ಚಳ ಬಿಗಿ ಮಾಡಿ. ಚಾಲೂ ಆದ ಮೊದಲ ದಿನ, ನೀರು ಒಂದೇ ಸಮನೆ ಬರಲು ಶುರುವಾಗಿ ಅರ್ಧ ಗಂಟೆಯ ನಂತರ, ಮೂರೂ ಫೇಸಿನ ವೋಲ್ಟೇಜ್ ಮತ್ತು ಆಂಪಿಯರ್ ನೋಡಿ ಮೊಬೈಲಿನಲ್ಲಿ ತಾರೀಖು ಸಮೇತ ಬರೆದಿಡಿ. ಅದು ನಿಮ್ಮ ಮೋಟರ್ ಆರೋಗ್ಯವಾಗಿದ್ದಾಗಿನ ಅಂಕಿ. ತಿಂಗಳಿಗೊಮ್ಮೆ, ತೊಗರಿ ಹೂವಿನ ಹೊತ್ತಿಗೆ ಮತ್ತು ಮಾರ್ಚ್ ದಾಟಿದ ಮೇಲೆ ವಾರಕ್ಕೊಮ್ಮೆ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ.